ನೀರಿಲ್ಲದ ಕೋಲಾರಕ್ಕೆ ದೋಣಿ ಯಂತ್ರ: ಕಾನ್ಸೆಪ್ಟ್ ಟು ರೋಅರ್ಗ್ ಕೊಳ್ಳುವ ಮುನ್ನ

ಕೋಲಾರದ ಜಿಮ್ಮಿಗೋ, ಕಾಲೇಜಿನ ವ್ಯಾಯಾಮ ಕೊಠಡಿಗೋ, ಸೇನೆ ಮತ್ತು ಪೊಲೀಸ್ ಭರ್ತಿಗೆ ಹುಡುಗರನ್ನು ತಯಾರು ಮಾಡುವ ಅಕಾಡೆಮಿಗೋ ರೋಯಿಂಗ್ ಮಷಿನ್ (ಜಾರುವ ಸೀಟಿನಲ್ಲಿ ಕೂತು, ಹಿಡಿ ಎಳೆಯುತ್ತಾ ದೋಣಿ ಓಡಿಸುವ ಅಭ್ಯಾಸ ಮಾಡುವ ಯಂತ್ರ) ತರಿಸುವ ಯೋಚನೆ ಇದ್ದರೆ ಕಾನ್ಸೆಪ್ಟ್ ಟು ಕಂಪನಿಯ ರೋಅರ್ಗ್ ತರಿಸಿ. ದುಡ್ಡು ಕಟ್ಟುವ ಮೊದಲು ಒಂದು ಮಾತು ಮಾತ್ರ ಗಮನದಲ್ಲಿರಲಿ. ಈ ಮಷಿನ್ ಹಾಕಿದ ಬಲವನ್ನೆಲ್ಲ ಅಳೆಯುತ್ತದೆ, ತಪ್ಪನ್ನು ತಿದ್ದುವುದಿಲ್ಲ. ತಿದ್ದುವುದಕ್ಕೆ ಹುಟ್ಟು ಹಿಡಿದು ಪಳಗಿದವರ ಕಣ್ಣು ಬೇಕು. ಮಷಿನ್‌ಗೆ ಎಂದು ಎತ್ತಿಟ್ಟ ಹಣದಲ್ಲಿ ಕೋಚ್‌ಗೆಂದು ಒಂದು ಪಾಲು ಈಗಲೇ ಬೇರೆ ಮಾಡಿಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಅದು ಟವೆಲ್ ಒಣಗಿಸುವ ಕಂಬಿಯಾಗುತ್ತದೆ.

ಬೋರ್‌ವೆಲ್ 1500 ಅಡಿ ಇಳಿದರೂ ನೀರು ಸಿಗದ ಜಿಲ್ಲೆಗೆ ದೋಣಿ ಆಟ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಪಾಲಾರ್ ನದಿ ನಮ್ಮಲ್ಲಿ ವರ್ಷದ ಬಹುಪಾಲು ಬರಿ ಮರಳು. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಒಂದರ ಹಿಂದೆ ಒಂದು ಕೆರೆ ತುಂಬಿದ್ದು ನಿಜ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಅಂತರ್ಜಲ ಹೆಚ್ಚಲಿ ಎಂದು ಬಿಟ್ಟ ನೀರು. ದೋಣಿ ಕಲಿಯುವ ಮಕ್ಕಳು ಮಗುಚಿ ಬೀಳುವುದು ಸಹಜ, ಬಿದ್ದರೆ ಆ ನೀರು ಬಾಯಿಗೆ ಹೋಗುತ್ತದೆ. ಅದಲ್ಲದೆ ಒಲಿಂಪಿಕ್ ದೂರದ ಸ್ಪರ್ಧೆಗೆ 2000 ಮೀಟರ್ ನೇರವಾದ, ಅಲೆಯಿಲ್ಲದ ನೀರು ಬೇಕು.

ಆದರೂ ಭಾರತದ ರೋಯಿಂಗ್‌ನಲ್ಲಿ ಹೆಸರು ಮಾಡಿದ ಎಷ್ಟೋ ಜನ ಹೊಳೆ ದಂಡೆಯವರಲ್ಲ. ದತ್ತು ಭೋಕನಾಳ್ ನಾಸಿಕ್ ಜಿಲ್ಲೆಯ ಚಾಂದ್ವಡ್ ಕಡೆಯ ಬರದೂರಿನವರು, ಬಾವಿ ತೋಡುವವರ ಮಗ. 2012ರಲ್ಲಿ ಸೇನೆ ಸೇರಿದ ಮೇಲೆಯೇ ಅವರು ಹುಟ್ಟು ಮುಟ್ಟಿದ್ದು. ನಾಲ್ಕೇ ವರ್ಷಕ್ಕೆ ರಿಯೊ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ (ಒಬ್ಬರೇ ಎರಡು ಹುಟ್ಟು ಹಾಕುವ ದೋಣಿ ಸ್ಪರ್ಧೆ) 13ನೆಯವರಾದರು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದರು. ಅವರಿಗಿಂತ ಮೊದಲಿನವರು ಬಜರಂಗ್ ಲಾಲ್ ತಾಖರ್, ರಾಜಸ್ಥಾನದ ಸೀಕರ್ ಜಿಲ್ಲೆಯವರು, ರಜಪುತಾನಾ ರೈಫಲ್ಸ್‌ನ ಯೋಧ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್, 2010ರ ಗ್ವಾಂಗ್‌ಝೌನಲ್ಲಿ ಸಿಂಗಲ್ ಸ್ಕಲ್ಸ್ ಚಿನ್ನ. ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. 2013ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಅವರು ಕೋಚ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ರೋಯರ್ ಬಲರಾಜ್ ಪನ್ವಾರ್ ಅವರ ಬೆನ್ನಿಗಿದ್ದ ಕೋಚ್ ಇದೇ ತಾಖರ್. ಗೆದ್ದವರು ದಂಡೆಗೆ ಬಂದು ನಿಂತು ಇನ್ನೊಬ್ಬರನ್ನು ಗೆಲ್ಲಿಸಲು ಹೊರಟ ಕತೆ ಇದು. ಈ ಮಷಿನ್‌ನ ಬೆಲೆ ಗೊತ್ತಾಗುವುದೂ ಅಂಥ ಕೋಚ್ ಅದರ ಪಕ್ಕ ಬಂದು ನಿಂತಾಗಲೇ.

ಸಿಂಗಲ್ ಸ್ಕಲ್ಸ್ ಆಟಗಾರ ಒಬ್ಬನೇ ಕೂತು, ಗುರಿಗೆ ಬೆನ್ನು ಮಾಡಿ ದೋಣಿ ಓಡಿಸುತ್ತಾನೆ. ದೋಣಿ ಓಡುತ್ತಿದೆಯೋ ಎಳೆದಾಡುತ್ತಿದೆಯೋ ಎಂಬುದು ಅವನಿಗೆ ಗೊತ್ತಾಗುವುದು ಕಾಲಡಿಯಲ್ಲಿ, ಬೆರಳಿನಲ್ಲಿ, ದೋಣಿಯ ಕೆಳಗೆ ಹರಿಯುವ ನೀರಿನ ಸದ್ದಿನಲ್ಲಿ. ಹತ್ತು ಹದಿನೈದು ವರ್ಷ ಮೈಗೆ ಹತ್ತಿದ ಈ ಅರಿವನ್ನು ಹದಿನೇಳರ ಹುಡುಗನಿಗೆ ಮಾತಿನಲ್ಲಿ ದಾಟಿಸುವುದು ಬೇರೆಯೇ ವಿದ್ಯೆ. ಚಾಂಪಿಯನ್‌ಗಳು ಕೋಚ್ ಆದ ಹೊಸದರಲ್ಲಿ ಎಡವುವುದೂ ಇಲ್ಲೇ. ತಮ್ಮ ಉತ್ತುಂಗದ ದಿನಗಳ ಅಭ್ಯಾಸದ ಲೆಕ್ಕವನ್ನು ಹೊಸಬರ ಮೇಲೆ ಹೇರುತ್ತಾರೆ, ತಮ್ಮ ಉದ್ದ ತೋಳಿನ ಶೈಲಿಯನ್ನೇ ಗಿಡ್ಡ ತೋಳಿನವರಿಗೂ ಕಲಿಸುತ್ತಾರೆ. ಮಷಿನ್‌ನ ಪರದೆ ಆಗ ಇಬ್ಬರಿಗೂ ಒಂದೇ ಭಾಷೆ ಕೊಡುತ್ತದೆ. ಕೋಚ್ ನೋಡುವ ಸಂಖ್ಯೆಯನ್ನೇ ಹುಡುಗನೂ ನೋಡುತ್ತಾನೆ, ಮಾತು ತಪ್ಪು ತಿಳಿವಳಿಕೆಗೆ ಬೀಳುವುದಿಲ್ಲ.

ಮಷಿನ್ ಮಾಡಿದವರೂ ರೋಯಿಂಗ್‌ನವರೇ. ಡಿಕ್ ಮತ್ತು ಪೀಟರ್ ಡ್ರೈಸಿಗಾಕರ್ ಎಂಬ ಅಮೆರಿಕದ ಅಣ್ಣತಮ್ಮಂದಿರು. ಡಿಕ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕಿದವರು. 1976ರಲ್ಲಿ ಹುಟ್ಟು ತಯಾರಿಸುವ ಕಂಪನಿ ಕಟ್ಟಿದರು, 1981ರಲ್ಲಿ ಸೈಕಲ್ ಚಕ್ರ ಕೂರಿಸಿ ಮೊದಲ ಮಷಿನ್ ಬಿಟ್ಟರು. ಹಿಮ ಬಿದ್ದು ನದಿ ಹೆಪ್ಪುಗಟ್ಟುವ ವರ್ಮಾಂಟ್ ಸೀಮೆಯಲ್ಲಿ ಚಳಿಗಾಲದ ಅಭ್ಯಾಸಕ್ಕೆ ಹುಟ್ಟಿದ ಯಂತ್ರ ಅದು. ಅಲ್ಲಿ ನೀರು ಕಲ್ಲಾಗುತ್ತದೆ, ಇಲ್ಲಿ ಇಂಗಿಹೋಗುತ್ತದೆ, ಎರಡೂ ಕಡೆ ಅಗತ್ಯ ಒಂದೇ. 2003ರಲ್ಲಿ ಬಂದ ಮಾಡೆಲ್ ಡಿ ಬಹುಕಾಲ ಅದೇ ಹೆಸರಲ್ಲಿ ನಡೆದು 2021ರಲ್ಲಿ ರೋಅರ್ಗ್ ಆಯಿತು. ಹಳೆಯ ಮಾಡೆಲ್ ಡಿ ಕಂಡರೆ ಬೇರೆ ಮಷಿನ್ ಎಂದು ತಿಳಿಯಬೇಡಿ.

ಅಳತೆಗಳು: ಉದ್ದ 8 ಅಡಿ, ಅಗಲ 2 ಅಡಿ, ತೂಕ ಸುಮಾರು 26 ಕೆ.ಜಿ. ಓಡಾಡುವ ಜಾಗವೂ ಸೇರಿ 9 ಅಡಿಗೆ 4 ಅಡಿ ನೆಲ ಬಿಡಿ. ಸೀಟಿನ ಎತ್ತರ ನೆಲದಿಂದ 14 ಇಂಚು. ಎತ್ತರ ಕಾಲಿನ ಇನ್ನೊಂದು ಮಾದರಿಯಲ್ಲಿ 20 ಇಂಚು, ಮಂಡಿ ನೋವಿನ ಹಿರಿಯರಿಗೆ ಅದು ಅನುಕೂಲ, ಹುಡುಗರಿಗೆ ಗಿಡ್ಡದ್ದೇ ಸಾಕು. ಜೋಡಿಸುವುದಕ್ಕೆ ಎಂಟು ಸ್ಕ್ರೂ, ಬೇಕಾದ ಉಪಕರಣ ಪೆಟ್ಟಿಗೆಯಲ್ಲೇ ಬರುತ್ತದೆ. ಕೊಕ್ಕೆ ಬಿಡಿಸಿದರೆ ಎರಡು ತುಂಡಾಗುತ್ತದೆ, ಗೋಡೆಗೆ ಒರಗಿಸಿಡಬಹುದು. ಕರೆಂಟ್ ಬೇಡವೇ ಬೇಡ. ಪಿಎಂ5 ಎಂಬ ಮಾನಿಟರ್‌ಗೆ ಎರಡು ದೊಡ್ಡ ಟಾರ್ಚ್ ಸೆಲ್ ಸಾಕು, ಅಭ್ಯಾಸ ನಡೆಯುವಾಗ ಚಕ್ರದ ತಿರುಗಿನಿಂದಲೇ ಅದಕ್ಕೆ ವಿದ್ಯುತ್ ಸಿಗುವುದರಿಂದ ಸೆಲ್ ಬಹಳ ದಿನ ಬರುತ್ತದೆ. ಅಗ್ಗದ ಸೆಲ್ ಹಾಕಿ ಮರೆತುಬಿಟ್ಟರೆ ಅದು ಸೋರಿ ತಗಡು ತಿಂದುಹಾಕುತ್ತದೆ, ಆಲ್ಕಲೈನ್ ಸೆಲ್ಲೇ ಹಾಕಿ. ಗಾಳಿ ಚಕ್ರದ ಸದ್ದು ಜೋರಿದೆ. ಮೇಲ್ಮಹಡಿಯಲ್ಲಿ ಇಟ್ಟು ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಗುರುತಿರುವ ಡ್ಯಾಂಪರ್ ಇದೆ. ಹತ್ತರಲ್ಲಿ ಇಟ್ಟು ಎಳೆದರೆ ಗಂಡಸುತನ ಎಂದುಕೊಂಡು ಬೆನ್ನು ಕೆಡಿಸಿಕೊಂಡವರು ಎಲ್ಲ ಜಿಮ್ಮುಗಳಲ್ಲೂ ಸಿಗುತ್ತಾರೆ. ಡ್ಯಾಂಪರ್ ಸೈಕಲ್ಲಿನ ಗೇರ್ ಇದ್ದ ಹಾಗೆ. ಎಷ್ಟು ಗಾಳಿ ಒಳಗೆ ಬರಬೇಕು ಎಂದು ಅದು ಹೇಳುತ್ತದೆ, ಅಷ್ಟೇ. ಎಷ್ಟು ಕೆಲಸ ಆಯಿತು ಎಂಬುದು ಚಕ್ರ ತಿರುಗಿದ ವೇಗದ ಮೇಲಿದೆ. ಗುರುತು ನೋಡುವ ಬದಲು ಡ್ರ್ಯಾಗ್ ಫ್ಯಾಕ್ಟರ್ ನೋಡಿ, ಅಂದರೆ ಚಕ್ರಕ್ಕೆ ಗಾಳಿ ಒಡ್ಡುವ ತಡೆಯ ಅಳತೆ. ಮಾನಿಟರ್‌ನಲ್ಲಿ ಮೋರ್ ಆಪ್ಷನ್ಸ್, ಅದರಲ್ಲಿ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ ಒಂದೈದಾರು ಬಾರಿ ಎಳೆದರೆ ಸಂಖ್ಯೆ ಬರುತ್ತದೆ. ಹೊಸ ಹುಡುಗಿಯರಿಗೆ 105–115, ಹುಡುಗರಿಗೆ 115–130 ಇಟ್ಟರೆ ಸರಿ. ಹೊಸ ಮಷಿನ್‌ನಲ್ಲಿ ಅದು ಡ್ಯಾಂಪರ್ 3ರಿಂದ 5ರ ನಡುವೆ ಬರುತ್ತದೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ಗಾಳಿ ತೆಳು. ಆದ್ದರಿಂದ ಚೆನ್ನೈನಲ್ಲಿ 4ಕ್ಕೆ ಬರುವ ಡ್ರ್ಯಾಗ್ ಇಲ್ಲಿ 4ಕ್ಕೆ ಬರುವುದಿಲ್ಲ, ತುಸು ಮೇಲೆ ಸರಿಸಬೇಕಾಗುತ್ತದೆ. ಫಲಿತಾಂಶಕ್ಕೆ ಅದರಿಂದ ಮೋಸವಿಲ್ಲ. ಎಳೆತ ಮುಗಿದು ನೀವು ಮುಂದೆ ಜಾರುವಾಗ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಮಾನಿಟರ್ ಪ್ರತಿ ಸಲವೂ ಅಳೆದು ಲೆಕ್ಕ ಸರಿಮಾಡಿಕೊಳ್ಳುತ್ತದೆ. 2000 ಮೀಟರಿಗೆ ಕೋಲಾರದಲ್ಲಿ ಬಂದ 7:30 ನಿಮಿಷವನ್ನು ಪುಣೆಯ 7:30ರ ಪಕ್ಕ ಇಡಬಹುದು. ಮಷಿನ್‌ನ ನಿಜವಾದ ಬೆಲೆ ಇರುವುದು ಇದರಲ್ಲಿ. ಆಯ್ಕೆಗೆ ಹೋಗುವ ಹುಡುಗ ಎಲ್ಲೇ ಕೂತು ಎಳೆದರೂ ಅವನ ಸಮಯಕ್ಕೆ ಒಂದೇ ಅರ್ಥ.

ಪರದೆಯಲ್ಲಿ ದೊಡ್ಡದಾಗಿ ಕಾಣುವ ಸಮಯ 500 ಮೀಟರಿಗೆ ಹಿಡಿಯುವ ಹೊತ್ತು, ಸ್ಪ್ಲಿಟ್ ಅನ್ನುತ್ತಾರೆ. ಅದನ್ನು ಇಳಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ ಲೆಕ್ಕ ನೋಡಿ. ಸ್ಪ್ಲಿಟ್ 2:30 ಇದ್ದರೆ ಸುಮಾರು 104 ವಾಟ್, 2:00ಕ್ಕೆ 203, 1:45ಕ್ಕೆ 302, 1:30ಕ್ಕೆ 480. ಎರಡು ನಿಮಿಷದಿಂದ ಬರಿ ಹದಿನೈದು ಸೆಕೆಂಡ್ ಇಳಿಸಲು ಅರ್ಧದಷ್ಟು ಹೆಚ್ಚು ಶಕ್ತಿ ಬೇಕು. ಮೊದಲ ತಿಂಗಳು ಸರಸರ ಇಳಿದ ಸ್ಪ್ಲಿಟ್ ಮೂರನೇ ತಿಂಗಳು ನಿಂತುಬಿಟ್ಟರೆ ಹುಡುಗ ಸೋಮಾರಿಯಾದ ಎಂದು ಬೈಯಬೇಡಿ, ಏರು ಕಡಿದಾಗಿದೆ ಅಷ್ಟೇ.

ಈಗ ಎಳೆಯುವ ರೀತಿ. ಕೋಚ್ ಇರಲೇಬೇಕು ಎನ್ನುವುದು ಇದಕ್ಕಾಗಿಯೇ. ನಮ್ಮ ಕಡೆ ಹಗ್ಗ ಎಂದರೆ ಬಾವಿ ಹಗ್ಗ. ಹಿಡಿ ಕೈಗೆ ಸಿಕ್ಕ ಕೂಡಲೇ ತೋಳು ತಾನಾಗಿ ರಾಟೆಯಲ್ಲಿ ಕೊಡ ಸೇದಲು ಶುರು ಮಾಡುತ್ತದೆ. ಕಾಲು ಸುಮ್ಮನೆ ಹಿಂಬಾಲಿಸುತ್ತದೆ. ರೋಯಿಂಗ್‌ನಲ್ಲಿ ಬಲದ ಬಹುಪಾಲು ಕಾಲಿನದು, ಆಮೇಲೆ ಸೊಂಟದಿಂದ ತೂಗುವ ಮೈಯದು, ತೋಳಿನ ಪಾಲು ಎಲ್ಲಕ್ಕಿಂತ ಕಡಿಮೆ. ಮೊದಲ ವಾರ ಕೋಚ್ ಬಾಯಲ್ಲಿ ಒಂದೇ ಮಾತು ಇದ್ದರೆ ಸಾಕು: "ಸೇದಬೇಡಪ್ಪಾ, ತುಳಿ."

ಕ್ರಮ ಹೀಗೆ. ಕ್ಯಾಚ್‌ನಲ್ಲಿ, ಅಂದರೆ ಮುಂದೆ ಜಾರಿ ಎಳೆತ ಶುರು ಮಾಡುವ ಕ್ಷಣದಲ್ಲಿ, ಮೊಣಕಾಲ ಕೆಳಗಿನ ಎಲುಬು ನೆಟ್ಟಗೆ ನಿಂತಿರಬೇಕು, ತೋಳು ನೇರ, ಭುಜ ಸಡಿಲ, ಮೈ ಸೊಂಟದಿಂದ ತುಸು ಮುಂದಕ್ಕೆ ವಾಲಿರಬೇಕು, ಗಡಿಯಾರದಲ್ಲಿ ಮುಳ್ಳು ಒಂದರ ಮೇಲಿದ್ದ ಹಾಗೆ. ಪಾದದ ಪಟ್ಟಿ ಕಿರುಬೆರಳ ಬುಡದ ಮೇಲೆ ಹಾಯಬೇಕು, ಪಾದದ ಮಧ್ಯಕ್ಕೆ ಬಿಗಿದರೆ ಹಿಮ್ಮಡಿ ಏಳುವುದಿಲ್ಲ. ಕಾಲು ತುಳಿಯುವಾಗ ಮೈ ವಾಲಿದ ಕೋನ ಬದಲಾಗಬಾರದು. ಹಿಡಿ ಮಂಡಿ ದಾಟಿದ ಮೇಲೆ ಮೈ ಹಿಂದಕ್ಕೆ, ಹನ್ನೊಂದರ ಮುಳ್ಳಿನಷ್ಟು. ಕೊನೆಗೆ ತೋಳು ಮಡಚಿ ಹಿಡಿಯನ್ನು ಕೆಳಗಿನ ಪಕ್ಕೆಲುಬಿಗೆ ತರಬೇಕು, ಗಂಟಲಿಗಲ್ಲ. ವಾಪಸು ಹೋಗುವಾಗ ಉಲ್ಟಾ: ತೋಳು, ಮೈ, ಕಾಲು. ಹಿಂದಕ್ಕೆ ಒಂದು ಎಣಿಕೆ, ಮುಂದಕ್ಕೆ ಎರಡು.

ತಪ್ಪುಗಳು ನಾಲ್ಕೈದೇ. ಸೀಟು ಮಾತ್ರ ಹಿಂದಕ್ಕೆ ಹಾರಿ ಹಿಡಿ ಅಲ್ಲೇ ಉಳಿಯುವುದು ಒಂದು. ಹೊಟ್ಟೆ ಬೆನ್ನು ಬಿಗಿ ಇಲ್ಲದಿದ್ದಾಗ ಕಾಲಿನ ಬಲ ಸೊಂಟದಲ್ಲೇ ಸೋರುತ್ತದೆ, ಆಮೇಲೆ ಅದೇ ಸೊಂಟ ನೋಯುತ್ತದೆ. ಮಂಡಿ ಮೊದಲೇ ಮಡಚಿ, ಹಿಡಿಯನ್ನು ಬೆಟ್ಟ ಹತ್ತಿಸಿ ಇಳಿಸಿದ ಹಾಗೆ ಮಂಡಿಯ ಮೇಲಿಂದ ದಾಟಿಸುವುದು ಇನ್ನೊಂದು. ಚೈನ್ ನೆಲಕ್ಕೆ ಸಮನಾಗಿ ಹೋಗಿ ಬರುತ್ತಿದೆಯೇ ಎಂದು ಪಕ್ಕದಿಂದ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಹಿಡಿಯನ್ನು ಗುದ್ದಲಿ ಹಿಡಿದಂತೆ ಅವುಚಿ ಹಿಡಿಯುವವರಿಗೆ ಮುಂಗೈ ಬಿಗಿದು ಬೊಬ್ಬೆ ಏಳುತ್ತದೆ. ಹಿಡಿ ಬೆರಳಿನ ಕೊಕ್ಕೆಯಲ್ಲಿ ತೂಗಬೇಕು. ಮುಂದಕ್ಕೆ ಜಾರುವಾಗ ಆತುರಪಟ್ಟು ಕಾಲಿನ ಕಡೆ ಧಡ್ ಎಂದು ಬೀಳುವುದು ಮಷಿನ್ ಮೇಲೆ ಸಂಖ್ಯೆ ಕೆಡಿಸುವುದಿಲ್ಲ, ಆದರೆ ಮುಂದೆ ದೋಣಿಗೆ ಕೂತಾಗ ಅದೇ ಚಾಳಿ ದೋಣಿಯನ್ನು ತಡೆದು ನಿಲ್ಲಿಸುತ್ತದೆ. ನೀರಿನ ಮೇಲೆ ಪಳಗಿದ ಕೋಚ್ ಮಾತ್ರ ಇದನ್ನು ಇಲ್ಲೇ ಹಿಡಿಯುತ್ತಾರೆ. ಮಷಿನ್ ಮಾತ್ರ ಗೊತ್ತಿರುವ ಜಿಮ್ ಟ್ರೈನರ್‌ಗೆ ಇದು ತಪ್ಪಾಗಿ ಕಾಣುವುದೇ ಇಲ್ಲ.

ಪಿಎಂ5ರಲ್ಲಿ ಫೋರ್ಸ್ ಕರ್ವ್ ಎಂಬ ಪರದೆ ಇದೆ. ಡಿಸ್‌ಪ್ಲೇ ಗುಂಡಿ ಒತ್ತುತ್ತಾ ಹೋದರೆ ಸಿಗುತ್ತದೆ. ಒಂದೊಂದು ಎಳೆತದಲ್ಲಿ ಬಲ ಹೇಗೆ ಏರಿತು, ಹೇಗೆ ಇಳಿಯಿತು ಎಂಬ ಗೆರೆ ಅದು. ಚೆನ್ನಾಗಿ ಎಳೆದರೆ ಒಂದೇ ಗುಡ್ಡ, ಬೇಗ ಏರಿ, ದುಂಡಗೆ ತಿರುಗಿ, ನುಣುಪಾಗಿ ಇಳಿದ ಗುಡ್ಡ. ಹೊಸಬರ ಗೆರೆ ಒಂಟೆಯ ಬೆನ್ನಿನಂತಿರುತ್ತದೆ. ಕಾಲು ತುಳಿದು ಮುಗಿದ ಮೇಲೆ ಮೈ ಬರುವಷ್ಟರಲ್ಲಿ ಒಂದು ಹಳ್ಳ, ಆಮೇಲೆ ತೋಳು ಎಳೆದಾಗ ಇನ್ನೊಂದು ಗುಡ್ಡ. ಕಾಲು ತಡವಾಗಿ ಎಚ್ಚರಗೊಂಡರೆ ಗುಡ್ಡದ ನೆತ್ತಿ ಬಲಕ್ಕೆ ಜಾರಿರುತ್ತದೆ. ನೆತ್ತಿ ಮೊನಚಾಗಿ ಚೂಪಾಗಿದ್ದರೆ ಭುಜದಿಂದ ಜಗ್ಗಿದ್ದಾರೆ ಎಂದರ್ಥ. ಹತ್ತು ನಿಮಿಷ ಈ ಪರದೆಯನ್ನೇ ನೋಡುತ್ತಾ, ಸ್ಪ್ಲಿಟ್ ಮರೆತು, ನಿಮಿಷಕ್ಕೆ 18ರಂತೆ ಎಳೆಸಿ. ಹಳ್ಳ ಮುಚ್ಚುತ್ತಾ ಬರುವುದು ಹುಡುಗನ ಕಣ್ಣಿಗೇ ಕಾಣುತ್ತದೆ. ಇಡೀ ಮಷಿನ್‌ನಲ್ಲಿ ನನಗೆ ಅತ್ಯಂತ ಬೆಲೆಬಾಳುವ ಭಾಗ ಇದೇ ಅನ್ನಿಸುತ್ತದೆ.

ಇನ್ನೆರಡು ಕಸರತ್ತು ಸಾಕು. ಒಂದು, ಬಿಡಿಸಿ ಎಳೆಯುವುದು: ಬರಿ ತೋಳು 20 ಎಳೆತ, ತೋಳು ಮತ್ತು ಮೈ 20, ಅರ್ಧ ಜಾರು 20, ಪೂರ್ತಿ 20. ಎರಡನೆಯದು, ಪಾದದ ಪಟ್ಟಿ ಬಿಚ್ಚಿ ಎಳೆಯುವುದು. ಕೊನೆಯಲ್ಲಿ ಮೈ ಹಿಂದಕ್ಕೆ ಬೀಳುವಂತಾದರೆ ಕಾಲಿನ ಒತ್ತಡ ಬೇಗ ಬಿಟ್ಟಿದ್ದಾರೆ, ಇಲ್ಲವೆ ಅತಿಯಾಗಿ ಹಿಂದೆ ವಾಲಿದ್ದಾರೆ. ಪಟ್ಟಿ ಇಲ್ಲದೆ ಐದು ನಿಮಿಷ ಅಲುಗಾಡದೆ ಎಳೆದವರಿಗೆ ಮಾತ್ರ ವೇಗದ ಅಭ್ಯಾಸ ಕೊಡಿ.

ಎಂಟು ವಾರದ ಒಂದು ಲೆಕ್ಕ ಹೇಳುತ್ತೇನೆ, ವಾರಕ್ಕೆ ಮೂರು ದಿನ. ಅಂತರಗಂಗೆಯ ಮೆಟ್ಟಿಲು ಹತ್ತುವ ಹುಡುಗರಿಗೆ ಉಸಿರು ಇರುತ್ತದೆ, ಲಯ ಇರುವುದಿಲ್ಲ. ಹಾಗಾಗಿ ಮೊದಲೆರಡು ವಾರ ಕಸರತ್ತು ಹತ್ತು ನಿಮಿಷ, ಆಮೇಲೆ 5 ನಿಮಿಷದ ಮೂರು ಸುತ್ತು, ನಿಮಿಷಕ್ಕೆ 18 ಎಳೆತ, ನಡುವೆ 2 ನಿಮಿಷ ಬಿಡುವು. ಮೂರರಿಂದ ಐದನೇ ವಾರದವರೆಗೆ ಎರಡು ದಿನ 15 ನಿಮಿಷದ ಎರಡು ಸುತ್ತು, ಮಾತಾಡಲು ಆಗುವಷ್ಟು ಹಗುರವಾಗಿ. ಒಂದು ದಿನ 1 ನಿಮಿಷದ ಆರು ಸುತ್ತು 24ರ ವೇಗದಲ್ಲಿ, ಒಂದೂವರೆ ನಿಮಿಷ ಬಿಡುವು. ಆರು, ಏಳನೇ ವಾರ ಒಂದು ದಿನ 30 ನಿಮಿಷ ಎಡೆಬಿಡದೆ, ಇನ್ನೊಂದು ದಿನ 500 ಮೀಟರ್ ನಾಲ್ಕು ಸಲ ಮೂರು ಮಿನಿಟು ಬಿಡುವಿನಲ್ಲಿ, ಮೂರನೇ ದಿನ ಹಗುರ. ಎಂಟನೇ ವಾರ 2000 ಮೀಟರ್ ಪರೀಕ್ಷೆ. ಬೆನ್ನು ದುಂಡಗಾಗಲು ಶುರುವಾದ ಕ್ಷಣ ಸುತ್ತು ನಿಲ್ಲಿಸಿ, ಗಡಿಯಾರ ನೋಡಬೇಡಿ. ಈ ಆಟದಲ್ಲಿ ಸೊಂಟದ ನೋವು ಮತ್ತು ಪಕ್ಕೆಲುಬಿನ ಸಣ್ಣ ಬಿರುಕು ಬರುವುದು ದಣಿದ ಮೈಯಲ್ಲಿ ಎಳೆದ ಎಳೆತದಿಂದಲೇ.

ಪರೀಕ್ಷೆಯ ದಿನ ಎಲ್ಲರೂ ಮಾಡುವ ತಪ್ಪು ಮೊದಲ 500ರಲ್ಲೇ ಎಲ್ಲ ಖರ್ಚು ಮಾಡುವುದು. ಜನ ನೋಡುತ್ತಿರುತ್ತಾರೆ, ಮೊದಲ ನಿಮಿಷ ನೋವು ಗೊತ್ತಾಗುವುದಿಲ್ಲ, 700 ಮೀಟರಿಗೆ ಕಾಲು ಕಲ್ಲಾಗುತ್ತದೆ. 7:40 ಗುರಿ ಇದ್ದರೆ ಮೊದಲ ಹತ್ತು ಎಳೆತ ಚುರುಕಾಗಿ ಹಾಕಿ ಇಳಿಸಿಕೊಳ್ಳಿ. ನಾಲ್ಕು ತುಂಡುಗಳು 1:56, 1:56, 1:55, 1:53 ಬರಲಿ, ಕೂಡಿದರೆ ಸರಿಯಾಗಿ 7:40. ಎಲ್ಲಿಯವರೆಗೆ ಹೋಗಬಹುದು ಎನ್ನುವ ಕುತೂಹಲಕ್ಕೆ ಹೇಳುವುದಾದರೆ, ಆಸ್ಟ್ರೇಲಿಯಾದ ಜೋಶ್ ಡಂಕ್ಲಿ ಸ್ಮಿತ್ 2018ರಲ್ಲಿ ಈ ದೂರವನ್ನು 5:35.8ರಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು.

ಮಷಿನ್‌ಗೆ ಒಂದು ಪಕ್ಷಪಾತವಿದೆ, ಅದನ್ನು ತಿಳಿಯದೆ ಹುಡುಗರನ್ನು ಆರಿಸಬೇಡಿ. ಮಷಿನ್ ಭಾರಿ ಮೈಯವರಿಗೆ ಒಲಿಯುತ್ತದೆ, ಏಕೆಂದರೆ ಇಲ್ಲಿ ಮೈಭಾರ ಸೀಟು ಜಾರುವ ಹಳಿಯ ಮೇಲಿದೆ. ನೀರಲ್ಲಿ ಆ ಭಾರ ದೋಣಿಯನ್ನು ಕೆಳಗಿಳಿಸಿ ನೀರಿನ ತಡೆ ಹೆಚ್ಚಿಸುತ್ತದೆ. ಕಂಪನಿಯದೇ ಒಂದು ಲೆಕ್ಕವಿದೆ: ತೂಕವನ್ನು ಪೌಂಡ್‌ನಲ್ಲಿ ತೆಗೆದು 270ರಿಂದ ಭಾಗಿಸಿ, 0.222ರ ಘಾತಕ್ಕೆ ಏರಿಸಿ, ಸಮಯಕ್ಕೆ ಗುಣಿಸುವುದು. 60 ಕೆ.ಜಿ. ಹುಡುಗನ 7:20 ಈ ಲೆಕ್ಕದಲ್ಲಿ ಸುಮಾರು 6:15, 90 ಕೆ.ಜಿ.ಯವನ 6:40 ಸುಮಾರು 6:14. ಪರದೆಯಲ್ಲಿ 40 ಸೆಕೆಂಡ್ ಹಿಂದಿದ್ದವನು ನೀರಿನ ಮೇಲೆ ಹೆಗಲೆಣೆ ಬರಬಹುದು. ನಮ್ಮ ಜಿಲ್ಲೆಯ ಸಪೂರ ಮೈಕಟ್ಟಿನ ಹುಡುಗರನ್ನು ಬರಿ ಪರದೆ ನೋಡಿ ಮನೆಗೆ ಕಳಿಸುವುದು ಅನ್ಯಾಯ. ಹಾಗೆಯೇ ಹುಟ್ಟು ತಿರುಗಿಸುವುದು, ದೋಣಿಯ ಸಮತೋಲ, ಗಾಳಿಗೆ ದಿಕ್ಕು ಹಿಡಿಯುವುದು ಯಾವುದನ್ನೂ ಮಷಿನ್ ಕಲಿಸುವುದಿಲ್ಲ.

ಕೋಲಾರದಲ್ಲಿ ಈ ಮಷಿನ್ ಕೆಡುವುದು ದೂಳಿನಿಂದ. ಕಲ್ಲು ಕ್ರಷರ್ ದೂಳು, ಕೆಮ್ಮಣ್ಣು, ಟವೆಲ್ಲಿನ ನೂಲು ಎಲ್ಲವನ್ನೂ ಚಕ್ರ ಗಾಳಿಯ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ಜಾಲರಿ ಕಟ್ಟಿಕೊಂಡರೆ ಗಾಳಿ ಬರುವುದಿಲ್ಲ, ಅದೇ ಡ್ಯಾಂಪರ್ 5ಕ್ಕೆ ಮೊದಲು 125 ಬರುತ್ತಿದ್ದ ಡ್ರ್ಯಾಗ್ 105ಕ್ಕೆ ಕುಸಿಯುತ್ತದೆ. ಹೊಸದು ಬಂದ ದಿನವೇ 10ರಲ್ಲಿ ಬರುವ ಡ್ರ್ಯಾಗ್ ಎಷ್ಟೆಂದು ಮಷಿನ್ ಮೇಲೇ ಬರೆದಂಟಿಸಿ. ಅದು ಗಣನೀಯವಾಗಿ ಇಳಿದಾಗ ಜಾಲರಿ ಬಿಚ್ಚಿ ವ್ಯಾಕ್ಯೂಮ್‌ನಿಂದ ಎಳೆಯಿರಿ. ಹಳಿಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒರೆಸದಿದ್ದರೆ ಸೀಟಿನ ಗಾಲಿ ಓಡುವ ಗೆರೆ ಕಪ್ಪಾಗಿ, ಜಾರುವಾಗ ಟಕಟಕ ಎನ್ನುತ್ತದೆ. ಬ್ಲೀಚ್ ಬೇಡ, ಉಜ್ಜುವ ನಾರೂ ಬೇಡ.

ಚೈನ್‌ಗೆ 50 ಗಂಟೆ ಬಳಕೆಗೊಮ್ಮೆ ಎಣ್ಣೆ. ಒಂದು ಟೀ ಚಮಚ ಶುದ್ಧ ಮಿನರಲ್ ಎಣ್ಣೆಯನ್ನು ಬಟ್ಟೆಗೆ ಹಾಕಿ, ಹಿಡಿಯನ್ನು ಪೂರ್ತಿ ಎಳೆದು ಚೈನ್ ಉದ್ದಕ್ಕೂ ಸವರಿ, ಮಿಕ್ಕಿದ್ದನ್ನು ಒರೆಸಿಬಿಡಿ. ಹೊಲಿಗೆ ಮಷಿನ್ ಎಣ್ಣೆ ನಡೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಅದು ಒಳಗಿನ ಎಣ್ಣೆಯನ್ನೇ ತೊಳೆದುಬಿಡುತ್ತದೆ. ಕೊಬ್ಬರಿ ಎಣ್ಣೆಯಂತೂ ಜಿಗುಟಾಗಿ ದೂಳಿಗೆ ಅಂಟಾಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡುವ ಮಷಿನ್‌ಗೆ ಹನ್ನೆರಡು ದಿನಕ್ಕೊಮ್ಮೆ ಎಣ್ಣೆ ಎಂದಾಯಿತು, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. 250 ಗಂಟೆಗೊಮ್ಮೆ ಸ್ಕ್ರೂಗಳ ಬಿಗಿ, ಚೈನ್ ಹಿಡಿಗೆ ಸೇರುವ ಕೊಂಡಿಯ ಸವೆತ ನೋಡಬೇಕು. ಹಿಡಿ ತಾನಾಗಿ ಪೂರ್ತಿ ಮುಂದಕ್ಕೆ ಹೋಗದೆ ಜೋತುಬಿದ್ದರೆ ಒಳಗಿನ ರಬ್ಬರ್ ಹುರಿ ಸಡಿಲವಾಗಿದೆ, ಬಿಗಿ ಮಾಡಬೇಕು. ಅಭ್ಯಾಸ ಮುಗಿದ ಮೇಲೆ ಹಿಡಿಯನ್ನು ನಡುವಿನ ಕೊಕ್ಕೆಯಲ್ಲಿ ಸಿಕ್ಕಿಸಿ ಹೋದರೆ ಇಡೀ ರಾತ್ರಿ ಆ ಹುರಿ ಹಿಗ್ಗಿಯೇ ಇರುತ್ತದೆ. ಹಿಡಿಯನ್ನು ಚೈನ್ ಬಾಯಿಗೆ ತಂದಿಡುವ ಅಭ್ಯಾಸ ಮಾಡಿಸಿ. ಹಿಡಿಯನ್ನು ಕೈಬಿಟ್ಟು ಹಾರಿಸಬಾರದು, ಒಂದು ಕೈಯಲ್ಲಿ ಓರೆಯಾಗಿ ಎಳೆಯಬಾರದು, ಚೈನ್ ಹಲ್ಲು ತಪ್ಪುತ್ತದೆ.

ಬೆಲೆ ದೊಡ್ಡದೇ. ಆಮದು ಸುಂಕ, ತೆರಿಗೆ, ಸಾಗಣೆ ಎಲ್ಲ ಸೇರಿ ಲಕ್ಷ ರೂಪಾಯಿ ದಾಟುತ್ತದೆ. ಅದರ ಕಾಲು ಬೆಲೆಗೆ ಸಿಗುವ ಮ್ಯಾಗ್ನೆಟ್ ಮಷಿನ್‌ಗಳಲ್ಲಿ ಜೋರಾಗಿ ಎಳೆದರೂ ನಿಧಾನ ಎಳೆದರೂ ತಡೆ ಹೆಚ್ಚುಕಡಿಮೆ ಅಷ್ಟೇ, ಪರದೆ ಎಳೆತ ಎಣಿಸುತ್ತದೆಯೇ ಹೊರತು ಕೆಲಸ ಅಳೆಯುವುದಿಲ್ಲ. ಪಿಸ್ಟನ್ ಇರುವವುಗಳಲ್ಲಿ ಹತ್ತು ನಿಮಿಷಕ್ಕೆ ಎಣ್ಣೆ ಬಿಸಿಯಾಗಿ ತಡೆ ಸತ್ತುಹೋಗುತ್ತದೆ. ಆರಡಿ ಹುಡುಗನಿಗೆ ಹಳಿ ಗಿಡ್ಡವಾಗುತ್ತದೆ. ನೀರಿನ ತೊಟ್ಟಿಯ ಮಷಿನ್ ಸದ್ದು ಹಿತ, ಮನೆಗೆ ಒಳ್ಳೆಯದು, ಆದರೆ ಅದರ ಸಂಖ್ಯೆಯನ್ನು ಆಯ್ಕೆಗೆ ಯಾರೂ ಕೇಳುವುದಿಲ್ಲ. ತೂಕ ಇಳಿಸುವುದೊಂದೇ ಉದ್ದೇಶವಾದರೆ ಅಗ್ಗದ್ದು ಸಾಕಾಗಬಹುದು. ಹುಡುಗರನ್ನು ಮುಂದೆ ಕಳಿಸುವ ಉದ್ದೇಶವಿದ್ದರೆ ಆ ಇಪ್ಪತ್ತೈದು ಸಾವಿರವೂ ವ್ಯರ್ಥ.

ಕೋಚ್ ಎಲ್ಲಿ ಸಿಗುತ್ತಾರೆ? ರೋಯಿಂಗ್ ಆಡಿ ನಿವೃತ್ತರಾದ ಸೇನೆಯವರನ್ನು ಮೊದಲು ಹುಡುಕಿ. ದೇಶದ ಬಲವಾದ ರೋಯರ್‌ಗಳಲ್ಲಿ ಬಹಳ ಜನ ಪುಣೆಯ ಆರ್ಮಿ ರೋಯಿಂಗ್ ನೋಡ್ ಎಂಬ ಸೇನೆಯ ತರಬೇತಿ ಕೇಂದ್ರದಲ್ಲಿ ಬೆಳೆದವರು. ದಿನವೂ ಬರಬೇಕಾಗಿಲ್ಲ. ತಿಂಗಳಿಗೆ ಎರಡು ಸಲ ಬಂದು, ಉಳಿದ ವಾರ ವಿಡಿಯೊ ನೋಡಿದರೂ ನಡೆಯುತ್ತದೆ. ವಿಡಿಯೊ ತೆಗೆಯುವುದು ಹೀಗೆ: ಮಷಿನ್‌ಗೆ ಸರಿಯಾಗಿ ಪಕ್ಕದಲ್ಲಿ ಮೂರು ಮೀಟರ್ ದೂರ, ಫೋನು ಸೀಟಿನ ಎತ್ತರಕ್ಕಿಂತ ಸ್ವಲ್ಪ ಮೇಲೆ, ಅಡ್ಡವಾಗಿ, ಅಲುಗಾಡದೆ. 18ರ ವೇಗದಲ್ಲಿ 20 ಎಳೆತ, ಆಮೇಲೆ 26ರಲ್ಲಿ 20. ದೊಗಲೆ ಅಂಗಿ ಬೇಡ, ಬೆನ್ನಿನ ಗೆರೆ ಕಾಣಬೇಕು. ಕೋಚ್ ಆಗಿ ಬರುವವರನ್ನು ಪದಕ ಎಷ್ಟು ಎಂದು ಕೇಳುವುದಕ್ಕಿಂತ, ಒಬ್ಬ ಹುಡುಗನನ್ನು ಕೂರಿಸಿ ಐದು ನಿಮಿಷ ನೋಡಲು ಹೇಳಿ. ಒಂದೇ ತಪ್ಪು ಆರಿಸಿ ಅದನ್ನೇ ತಿದ್ದಿದರೆ ಒಳ್ಳೆಯ ಕೋಚ್. ಐದು ನಿಮಿಷದಲ್ಲಿ ಎಂಟು ತಪ್ಪು ಕೂಗಿದರೆ ಹುಡುಗನಿಗೆ ಯಾವುದೂ ಉಳಿಯುವುದಿಲ್ಲ. ಮೊದಲ ದಿನವೇ 2000 ಮೀಟರ್ ಎಳೆಸುವವರನ್ನು ನಮಸ್ಕಾರ ಮಾಡಿ ಕಳಿಸಿ.

ಹೊಸದಕ್ಕೆ ಚೌಕಟ್ಟಿಗೆ 5 ವರ್ಷ, ಉಳಿದ ಭಾಗಗಳಿಗೆ 2 ವರ್ಷ ಕಂಪನಿಯ ವಾರಂಟಿ ಇದೆ. ಬಿಲ್ ಕೊಡುವ ಡೀಲರ್ ಅದನ್ನು ಇಲ್ಲಿ ಹೇಗೆ ನಡೆಸಿಕೊಡುತ್ತಾರೆ, ಚೈನ್ ಮತ್ತು ರಬ್ಬರ್ ಹುರಿ ದಾಸ್ತಾನು ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬೆಂಗಳೂರಿನ ಜಿಮ್ಮುಗಳು ಮಾರುವ ಹಳೆಯದು ಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳಬಹುದು, ಚೆನ್ನಾಗಿ ನೋಡಿಕೊಂಡದ್ದು ಹತ್ತು ವರ್ಷಕ್ಕೂ ಹೊಸದರಂತೆ ಓಡುತ್ತದೆ. ಹೋದಾಗ ಚೈನನ್ನು ಪೂರ್ತಿ ಹೊರಗೆಳೆದು ಕೊಂಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮಡಚಿ ನೋಡಿ, ಗಟ್ಟಿಯಾದ ಕೊಂಡಿ ಇದ್ದರೆ ಚೈನ್ ಬೆಲೆ ಕಳೆದು ಮಾತಾಡಿ. ಸೀಟನ್ನು ಬೆರಳಲ್ಲಿ ತಳ್ಳಿ ಬಿಡಿ, ತಡವರಿಸದೆ ಕೊನೆಯವರೆಗೆ ಹೋಗಬೇಕು. ಮಾನಿಟರ್‌ನ ಸೆಲ್ ಮುಚ್ಚಳ ತೆಗೆದು ಹಸಿರು ಪಾಚಿಯಂಥ ಕಲೆ ಇದೆಯೇ ನೋಡಿ. ಆಮೇಲೆ ಡ್ಯಾಂಪರ್ 10ಕ್ಕೆ ಇಟ್ಟು ಡ್ರ್ಯಾಗ್ ಓದಿ. 150ಕ್ಕಿಂತ ಕಡಿಮೆ ಬಂದರೆ ಹೆದರಬೇಡಿ, ಜಾಲರಿಯೊಳಗೆ ಅವರ ಜಿಮ್ಮಿನ ಎಷ್ಟೋ ವರ್ಷದ ದೂಳಿದೆ, ಊರಿಗೆ ತಂದು ಒಂದು ಮಧ್ಯಾಹ್ನ ಕೂತು ತೆಗೆಯಬಹುದು.